ಆಟಿಯಲ್ಲಿ ಹಗುರಾಗುವ ಪೆಟ್ಟಿಗೆ

ಕಾಸರಗೋಡಿನ ಪೆರ್ಲದ ನಮ್ಮ ತೋಟದಲ್ಲಿ ಜೇನುಪೆಟ್ಟಿಗೆಯನ್ನು ತೆರೆಯುವ ಮೊದಲು ಎತ್ತಿ ನೋಡುವುದು ರೂಢಿ. ಹಿಂಬದಿಗೆ ಕೈಕೊಟ್ಟು ಒಂದಂಗುಲ ಎತ್ತಿದರೆ ಸಾಕು, ಒಳಗಿನ ಸಂಸಾರ ಹೇಗಿದೆಯೆಂದು ತೋಳಿಗೇ ಗೊತ್ತಾಗುತ್ತದೆ. ಕಳೆದ ಆಟಿಯಲ್ಲಿ, ಎಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ಒಂದು ಪೆಟ್ಟಿಗೆ ಬರೀ ಮರದಷ್ಟೇ ತೂಗಿತು. ಮುಚ್ಚಳ ತೆಗೆದರೆ ಎರಿಯಲ್ಲಿ ಜೇನಿಲ್ಲ, ಮೊಟ್ಟೆಮರಿ ಇಲ್ಲ, ಅಡಿಹಲಗೆಯಲ್ಲಿ ಒಂದು ಸತ್ತ ನೊಣವೂ ಇಲ್ಲ. ಮೂಲೆಯಲ್ಲಿ ಮೇಣದ ಹುಳು ಆಗಲೇ ಬಲೆ ನೇಯ್ದಿತ್ತು.

“ಸತ್ತದ್ದಲ್ಲ ಮಾರಾಯ, ಎದ್ದು ಹೋದದ್ದು” ಎಂದರು ಮಾವ.

ಅಮೆರಿಕ, ಯುರೋಪುಗಳಲ್ಲಿ ಜೇನು ಕುಟುಂಬಗಳ ನಷ್ಟದ ಲೆಕ್ಕ ಹಾಕುವುದು ಚಳಿಗಾಲ ಮುಗಿದ ಮೇಲೆ. ಅಲ್ಲಿನ ಮೆಲ್ಲಿಫೆರಾ ಜೇನು ಚಳಿಗೆ ಉಂಡೆಗಟ್ಟಿ ಕೂತು, ಎದೆಯ ಸ್ನಾಯು ಅದುರಿಸಿ ಬಿಸಿ ಹುಟ್ಟಿಸುತ್ತದೆ. ಅದಕ್ಕೆ ಉರುವಲು ಕೂಡಿಟ್ಟ ಜೇನು. ಬೇಸಗೆಯ ಕೆಲಸಗಾರ ನೊಣ ಐದಾರು ವಾರ ಬದುಕಿದರೆ, ಶರತ್ಕಾಲದಲ್ಲಿ ಹುಟ್ಟಿದ್ದು ಮೈಯಲ್ಲಿ ಕೊಬ್ಬು ತುಂಬಿಕೊಂಡು ನಾಲ್ಕರಿಂದ ಆರು ತಿಂಗಳು ದೂಡುತ್ತದೆ. ವರೋವಾ ನುಸಿಯ ಕಣ್ಣು ಆ ಕೊಬ್ಬಿನ ಮೇಲೆಯೇ. ಜೊತೆಗೆ ವೈರಸ್ಸನ್ನೂ ಅಂಟಿಸುತ್ತದೆ. ಉಂಡೆ ಸಣ್ಣದಾದರೆ ಚಳಿಗೆ ಅಲುಗಾಡಲಾಗದೆ, ಗೇಣು ದೂರದಲ್ಲಿ ಜೇನಿದ್ದರೂ ಹಸಿವಿನಿಂದಲೇ ಸಾಯುತ್ತದೆ. ವಸಂತದಲ್ಲಿ ತೆರೆದವರಿಗೆ ಕಾಣುವುದು ಕಣಗಳೊಳಗೆ ತಲೆ ತೂರಿಸಿ ಸತ್ತ ನೊಣಗಳು.

ತಮಾಷೆಯೆಂದರೆ ಆ ನುಸಿ ಮೂಲತಃ ತುಡುವೆಯ, ಎಂದರೆ ನಾವು ಪೆಟ್ಟಿಗೆಯಲ್ಲಿ ಸಾಕುವ ಈ ನಾಡಿನ ಜೇನುಜಾತಿಯ, ಮೈಮೇಲಿನದ್ದೇ. ತುಡುವೆ ಅದನ್ನು ಮೈಯಿಂದ ಕಿತ್ತುಹಾಕುತ್ತದೆ. ನುಸಿ ಹೆಚ್ಚೆಂದರೆ ಗಂಡುಮರಿಗಳ ಕಣದಲ್ಲಿ ವಂಶ ಬೆಳೆಸೀತು. ಇಂಥ ಹಳೆಯ ಹೊಂದಾಣಿಕೆ ಮೆಲ್ಲಿಫೆರಾಕ್ಕೆ ಎಲ್ಲಿಂದ ಬರಬೇಕು?

ನಮ್ಮಲ್ಲಿ ಚಳಿಯ ಜಾಗದಲ್ಲಿ ಕೂತಿರುವುದು ಮಳೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೊಣ ಹೊರಗೆ ಹಾರುವಂತಿಲ್ಲ, ಹಾರಿದರೂ ಹೂವಿನ ಮಕರಂದ ತೊಳೆದುಹೋಗಿರುತ್ತದೆ. ರಾಣಿ ಮೊಟ್ಟೆ ಕಡಿಮೆ ಮಾಡುತ್ತದೆ. ಮೆಲ್ಲಿಫೆರಾದಷ್ಟು ಕೂಡಿಡುವ ಸ್ವಭಾವ ತುಡುವೆಗಿಲ್ಲ. ಕೂತು ಸಾಯುವ ಸ್ವಭಾವವೂ ಇಲ್ಲ. ಮರಿ ಬೆಳೆಸುವುದನ್ನು ನಿಲ್ಲಿಸಿ, ಉಳಿದ ಜೇನನ್ನು ಹೊಟ್ಟೆಗೆ ತುಂಬಿಕೊಂಡು, ಮಳೆ ಬಿಟ್ಟ ಒಂದು ಹಗಲು ಎಲ್ಲವೂ ಒಟ್ಟಿಗೆ ಹೊರಡುತ್ತವೆ.

ಇದರಲ್ಲಿ ನಮ್ಮ ಪಾಲೂ ಇದೆ. ಇಲ್ಲಿ ಜೇನಿನ ಸುಗ್ಗಿ ಬರುವುದು ರಬ್ಬರ್ ಚಿಗುರಿದಾಗ. ಮೂರು ಎಲೆ ಕೂಡುವಲ್ಲಿ ತೊಟ್ಟಿನ ತುದಿಯ ಗ್ರಂಥಿಗಳಿಂದ ಸಿಹಿ ಒಸರುತ್ತದೆ, ಹೂವೇ ಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಮತ್ತೆ ಮತ್ತೆ ಜೇನು ತೆಗೆಯುತ್ತೇವೆ. ಕೊನೆಯ ಸಲ ಪೆಟ್ಟಿಗೆಯಲ್ಲಿ ಜೇನು ಕೂಡಿಡುವ ಮೇಲಿನ ಕೋಣೆ ಪೂರ್ತಿ ಬಳಿದವನು ಜುಲೈಯಲ್ಲಿ ‘ನೊಣ ಓಡಿಹೋಯಿತು’ ಎಂದರೆ ನನಗೆ ನಂಬಲು ಕಷ್ಟ. ಕಳೆದ ವರ್ಷ ಹಾಗೆ ಬಳಿದವನು ನಾನೇ.

ನಿಜವಾದ ಸಾವು ಬಂದದ್ದು 1991-92ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದಲ್ಲಿ ಹಬ್ಬಿ ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಮುಗಿಸಿತು. ರೋಗ ತಾಗಿದ ಮರಿ ಕಣದಲ್ಲಿ ಉದ್ದಕ್ಕೆ, ತಲೆ ಮೇಲಾಗಿ ಸತ್ತಿರುತ್ತದೆ; ಚಿಮುಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಜೋಲುತ್ತದೆ. ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ತಾಳಿಕೊಂಡು ಉಳಿದ ಕುಟುಂಬಗಳನ್ನೇ ಪಾಲು ಮಾಡಿ ಜನ ಮತ್ತೆ ಸಾಕಿದರು.

ಮಳೆಗಾಲದ ಹಸಿವಿಗೆ ಮದ್ದು ಅಷ್ಟು ದೂರವಿಲ್ಲ. ಸಕ್ಕರೆಗೆ ಸಮ ನೀರು ಕಾಯಿಸಿ, ಆರಿಸಿ, ಗೆರಟೆಯಲ್ಲಿ ನಾಲ್ಕು ಕಡ್ಡಿ ತೇಲಿಸಿ ಪೆಟ್ಟಿಗೆಯೊಳಗೆ ಇಡುವುದು. ಕಡ್ಡಿ ಇಲ್ಲದಿದ್ದರೆ ನೊಣ ಮುಳುಗುತ್ತದೆ. ಕೊಡುವುದು ಸಂಜೆಯೇ ಆಗಬೇಕು. ಹಗಲು ಕೊಟ್ಟರೆ ಪಕ್ಕದ ಪೆಟ್ಟಿಗೆಯವು ದರೋಡೆಗೆ ಇಳಿಯುತ್ತವೆ. ನೊಣ ಕೂರದ ಎರಿಗಳನ್ನು ತೆಗೆದುಬಿಟ್ಟರೆ ಮೇಣದ ಹುಳುವಿಗೂ ಜಾಗವಿಲ್ಲ.

ಎದ್ದು ಹೋದ ಆ ಪೆಟ್ಟಿಗೆಯನ್ನು ಮಾವ ಬಿಸಿಲಿಗಿಟ್ಟು, ಒಳಗೆ ಹಳೆಯ ಮೇಣ ಸವರಿ ಹಲಸಿನ ಬುಡದಲ್ಲಿಟ್ಟಿದ್ದರು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅದರ ಬಾಗಿಲಲ್ಲಿ ಐದಾರು ನೊಣ ಒಳಹೊರಗೆ ಮಾಡತೊಡಗಿದವು. ಹೋದವೇ ಬಂದವೋ, ಯಾರ ಮನೆಯವೋ! “ಎತ್ತಿ ನೋಡ್ಬೇಡ, ಒಂದು ವಾರ ಬಿಡು” ಎಂದರು ಮಾವ.