ಮೊದಲು ಕೆಳಗಿನ ಅಂಚು ನೋಡಿ

ರೈತರ ಮನೆ, ಜಮೀನುಗಳನ್ನು ಪೆನ್ಸಿಲ್ಲಿನಲ್ಲಿ ಚಿತ್ರಿಸುತ್ತಿದ್ದ ಅಲೆಮಾರಿ ಕಲಾವಿದ ಫರ್ಡಿನಾಂಡ್ ಬ್ರೇಡರ್ ಬರೆದ ಚಿತ್ರ ಎದುರಿಗಿಟ್ಟರೆ ಸಾಮಾನ್ಯವಾಗಿ ಕಣ್ಣು ಹೋಗುವುದು ದೊಡ್ಡ ಕೊಟ್ಟಿಗೆಯ ಕಡೆಗೆ. ಕಾಗದ ಸಂರಕ್ಷಣೆಯ ಕಸುಬಿನವಳಾದ ನಾನು ಮೊದಲು ಹುಡುಕುವುದು ಕೆಳಗಿನ ಅಂಚನ್ನು. ಜಮೀನು ಯಾರದು, ಯಾವ ಊರು, ಯಾವ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಯಾವ ವರ್ಷ ಎಂಬುದನ್ನು ಅವನು ಚಿತ್ರದ ಮೇಲೇ ಬರೆದಿಡುತ್ತಿದ್ದ. ಜೊತೆಗೆ ಒಂದು ಕ್ರಮಸಂಖ್ಯೆ. ಆ ಸಂಖ್ಯೆ 980ರ ಹತ್ತಿರಕ್ಕೆ ಹೋಗುತ್ತದೆ. ಇವತ್ತು ಲೆಕ್ಕಕ್ಕೆ ಸಿಕ್ಕಿರುವ ಚಿತ್ರಗಳು 200ಕ್ಕೂ ತುಸು ಹೆಚ್ಚು. ಎಷ್ಟು ಕಳೆದುಹೋಗಿವೆ ಎಂಬುದಕ್ಕೆ ಆ ಪೆನ್ಸಿಲ್ ಅಂಕಿಯೇ ಸಾಕ್ಷಿ.

ಬ್ರೇಡರ್ 1833ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವನು. ಅಮೆರಿಕಕ್ಕೆ ಬಂದು, 1879ರಿಂದ 1895ರವರೆಗೆ ಮೊದಲು ಪೆನ್ಸಿಲ್ವೇನಿಯಾದಲ್ಲಿ, ಆಮೇಲೆ ಓಹಾಯೊದ ಸ್ಟಾರ್ಕ್, ಪೋರ್ಟೇಜ್ ಕೌಂಟಿಗಳ ಸುತ್ತ ರೈತರ ಮನೆಯಿಂದ ಮನೆಗೆ ಅಲೆದ. ಊಟ, ಮಲಗಲು ಜಾಗ, ಮೇಲಷ್ಟು ಕಾಸು ಸಿಕ್ಕರೆ ಚಿತ್ರ ತಯಾರು. ಏನೂ ಗಿಟ್ಟದ ದಿನಗಳಲ್ಲಿ ಕೌಂಟಿಯ ನಿರ್ಗತಿಕರ ಆಶ್ರಯವೇ ಗತಿ.

ಆ ಹೊತ್ತಿಗೆ ಕ್ಯಾಮೆರಾ ಬಂದಿತ್ತಲ್ಲ, ಇವನನ್ನೇಕೆ ಕರೆದರು? ಊರಿನ ಛಾಯಾಗ್ರಾಹಕನ ಕ್ಯಾಮೆರಾಕ್ಕೆ ಹಾರಲು ಬರುತ್ತಿರಲಿಲ್ಲ. ಬ್ರೇಡರ್ ಹಕ್ಕಿಯ ಎತ್ತರದಲ್ಲಿ ನಿಂತವನಂತೆ ಮನೆ, ಕೊಟ್ಟಿಗೆ, ತೋಟ, ದೂರದ ರಸ್ತೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೂರಿಸುತ್ತಿದ್ದ. ಗೋಡೆಯ ಹಲಗೆ ಹಲಗೆಗೂ ಗೆರೆ, ಬೇಲಿಯ ಪಟ್ಟಿ ಪಟ್ಟಿಗೂ ಗೆರೆ. ಮನುಷ್ಯರು ಮಾತ್ರ ಪುಟ್ಟ ಪುಟ್ಟವರು. ದೂರ ಹೋದಷ್ಟೂ ವಸ್ತು ಚಿಕ್ಕದಾಗಬೇಕೆಂಬ ಶಾಲೆಯ ಪಾಠಕ್ಕೆ ಅವನು ಅಷ್ಟಾಗಿ ಸೊಪ್ಪು ಹಾಕಿಲ್ಲ. ಇದನ್ನು ‘ಮುಗ್ಧ ಕಲೆ’ ಎಂದು ಕರೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ರೈತ ಕೇಳಿದ್ದು ನೋಟವನ್ನಲ್ಲ, ತನ್ನ ಬದುಕಿನ ಪಟ್ಟಿಯನ್ನು. ಹಿಂದಿರುವ ಕೊಟ್ಟಿಗೆ ಚಿಕ್ಕದಾಗಿ ಕಂಡರೆ ಕೊಟ್ಟ ಕಾಸಿಗೆ ಮೋಸ!

ಇನ್ನು ಕಾಗದದ ಪಾಡು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಗ್ಗದ ಕಾಗದ ಬಹುತೇಕ ಮರದ ತಿರುಳಿನದು. ಆಮ್ಲ ಅದರ ಒಡಲಲ್ಲೇ ಇರುತ್ತದೆ. ಚೌಕಟ್ಟಿನ ಬೆನ್ನಿಗೆ ಮರದ ಹಲಗೆ ಬಡಿದಿದ್ದರಂತೂ ಹಲಗೆಯ ಗಂಟುಗಳ ಕಂದು ಕಲೆ ಚಿತ್ರದ ಆಕಾಶದಲ್ಲಿ ಮೂಡುತ್ತದೆ. ಮೋಡ ಅಂದುಕೊಂಡು ಮೋಸಹೋಗಬೇಡಿ. ಒಲೆಯ ಹೊಗೆಯ ಮಸಿ ಇದ್ದರೂ ಪೆನ್ಸಿಲ್ ಗೆರೆಯ ಮೇಲೆ ರಬ್ಬರ್ ಆಡಿಸುವಂತಿಲ್ಲ. ಮಸಿಯ ಜೊತೆ ಗೆರೆಯೂ ಎದ್ದು ಬರುತ್ತದೆ. ಗೆರೆಯಿಲ್ಲದ ಜಾಗದಲ್ಲಷ್ಟೇ, ಮೆತ್ತಗಿನ ಒಣ ಸ್ಪಂಜಿನಿಂದ, ಒತ್ತದೆ ಒರೆಸಬೇಕು. ಬಣ್ಣದ ಪೆನ್ಸಿಲ್ಲಿನ ಭಾಗ ಬೆಳಕಿಗೆ ಮಾಸುತ್ತದೆ. ಹಾಗಾಗಿ ಸಂಗ್ರಹಾಲಯಗಳು ಇಂಥ ಚಿತ್ರಗಳಿಗೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಆಸುಪಾಸಿನ ಮಂದ ಬೆಳಕನ್ನೇ ಇಡುತ್ತವೆ.

ಎಲ್ಲಕ್ಕಿಂತ ದೊಡ್ಡ ಶತ್ರು ಕತ್ತರಿ. ಬ್ರೇಡರನ ಹಾಳೆಗಳಲ್ಲಿ ಹಲವು ಮೂರಡಿಗೂ ಮಿಕ್ಕ ಅಗಲದವು. ಮನೆಯಲ್ಲಿರುವ ಚೌಕಟ್ಟಿಗೆ ಹೊಂದಲಿ ಎಂದು ಅಂಚು ಕತ್ತರಿಸಿದರೆ ಮೊದಲು ಹೋಗುವುದೇ ಹೆಸರು ಮತ್ತು ಸಂಖ್ಯೆ. ನಮ್ಮಲ್ಲೂ ಅಜ್ಜನ ಕಾಲದ ಪಟಗಳನ್ನು ಹೊಸ ಫ್ರೇಮಿಗೆ ಹಾಕಿಸುವಾಗ ಅಂಗಡಿಯವರು ಇದನ್ನೇ ಮಾಡುತ್ತಾರೆ. ಅಂಚನ್ನು ಮುಟ್ಟದೆ, ಹಾಳೆಯನ್ನು ಮೇಲ್ತುದಿಯಲ್ಲಿ ಮಾತ್ರ ಜಪಾನಿ ಕಾಗದದ ಪಟ್ಟಿ, ಗೋಧಿ ಗಂಜಿಯಿಂದ ಆಮ್ಲರಹಿತ ರಟ್ಟಿಗೆ ತೂಗಿಸಿ. ಗಾಜು ಕಾಗದಕ್ಕೆ ತಾಗದಿರಲಿ. ಚೌಕಟ್ಟು ಸಾಲದಿದ್ದರೆ ಚೌಕಟ್ಟನ್ನೇ ಬದಲಾಯಿಸಿ.