ಹಿಡಿಯದ ಲಾಕ್ ಕೋಡಿನಲ್ಲಿ ಕಾಣುವುದಿಲ್ಲ

ಓದುಗರ ಪ್ರಶ್ನೆ: ಲಿನಕ್ಸ್ ಕರ್ನಲ್ ಕೋಡ್ ಓದಲು ಶುರು ಮಾಡಿದ್ದೇನೆ. ಲಾಕ್, ಪಾಯಿಂಟರ್ ಇರುವ ಕಡೆ ಎರಡು ಸಾಲಿನ ಕೋಡಿಗೆ ಹತ್ತು ಹದಿನೈದು ಸಾಲು ಕಾಮೆಂಟ್ ಇರುತ್ತದೆ. ಒಳ್ಳೆಯ ಕೋಡ್ ಓದಿದರೆ ತಾನಾಗಿ ಅರ್ಥವಾಗಬೇಕು ಅಲ್ವಾ? ನಾನು ಇಂಥದ್ದನ್ನು ಬರೆದರೆ ಕಾಮೆಂಟ್‌ನಲ್ಲಿ ಏನು ಹೇಳಬೇಕು?

ಬೇರೆ ಕಡೆ ನಿಮ್ಮ ಮಾತು ಸರಿ. ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಲಾಕ್‌ ವಿಷಯಕ್ಕೆ ಬಂದಾಗ ಅದು ನಡೆಯುವುದಿಲ್ಲ. ಒಂದು ಫಂಕ್ಷನ್ ಏನು ಮಾಡುತ್ತದೆ ಅನ್ನೋದು ಅದರೊಳಗೇ ಕಾಣುತ್ತದೆ. ಅದೇ ಹೊತ್ತಿಗೆ ಇನ್ನೊಂದು ಸಿಪಿಯು ಏನು ಮಾಡುತ್ತಿರಬಹುದು ಅನ್ನೋದು ಎಷ್ಟೋ ಸಲ ಬೇರೆ ಫೈಲಿನಲ್ಲಿರುತ್ತದೆ. ಹಿಡಿಯದ ಲಾಕ್ ಅಂತೂ ಎಲ್ಲೂ ಕಾಣುವುದಿಲ್ಲ. ಲಾಕ್ ಇಲ್ಲದೆ ಒಂದು ಪಾಯಿಂಟರ್ ಓದುವ ಸಾಲು ಕಂಡಿತು ಅನ್ನಿ. ಬರೆದವರು ಮರೆತರೋ, ಬೇಕೆಂದೇ ಬಿಟ್ಟರೋ? ಎರಡೂ ನೋಡಲು ಒಂದೇ ಥರ. ಆ ವ್ಯತ್ಯಾಸ ಹೇಳಲು ಕಾಮೆಂಟ್ ಒಂದೇ ದಾರಿ.

ಒಂದು ಉದಾಹರಣೆ ನೋಡೋಣ. ನೆಟ್‌ವರ್ಕ್ ಡ್ರೈವರ್ ಒಂದರಲ್ಲಿ ಸೆಟ್ಟಿಂಗ್ ಬದಲಾಯಿಸಬೇಕು. ಹೊಸ ಸ್ಟ್ರಕ್ಟ್ ಮಾಡಿ, ಫೀಲ್ಡುಗಳನ್ನು ತುಂಬಿ, ಕೊನೆಗೆ ಪಾಯಿಂಟರ್ ಬದಲಿಸುತ್ತೀರಿ. ಬರೀ ಸಮ ಚಿಹ್ನೆ ಹಾಕಿ ಬಿಟ್ಟರೆ ಕಂಪೈಲರ್ ಆ ಸಾಲುಗಳ ಕ್ರಮ ಬದಲಿಸಬಹುದು. ಆರ್ಮ್‌ನಂಥ ಸಿಪಿಯುಗಳಲ್ಲಿ ಬರಹಗಳು ಬೇರೆ ಕ್ರಮದಲ್ಲೂ ಹೊರಗೆ ಕಾಣಬಹುದು. ಆಗ ಓದುವವರ ಕೈಗೆ ಪಾಯಿಂಟರ್ ಹೊಸದು, ಒಳಗಿನ ಫೀಲ್ಡ್ ಇನ್ನೂ ಖಾಲಿ. ಎಕ್ಸ್86 ಸಿಪಿಯು ಬರಹಗಳ ಕ್ರಮ ಕಾಪಾಡುವುದರಿಂದ ನಿಮ್ಮ ಮೇಜಿನ ಮೇಲೆ ಈ ಬಗ್ ಸಿಗದೇ ಹೋಗಬಹುದು.

ಅದಕ್ಕೇ ಅಲ್ಲಿ ಆರ್‌ಸಿಯು ಅಸೈನ್ ಪಾಯಿಂಟರ್ ಬಳಸುತ್ತೀರಿ. ಆರ್‌ಸಿಯು ಅಂದರೆ ಲಾಕ್ ಹಿಡಿಯದೆ ಓದಲು ಬಿಡುವ ಕರ್ನಲ್‌ನ ವಿಧಾನ. ಬರಹಗಳ ಕ್ರಮ ಕಾಪಾಡುವ ಮೆಮೊರಿ ಬ್ಯಾರಿಯರ್ ಈ ಸಾಲಿನೊಳಗೇ ಇದೆ. ಮೇಲೆ "ಆರ್‌ಸಿಯು ಮೂಲಕ ಪಾಯಿಂಟರ್ ಬದಲಿಸುತ್ತೇವೆ" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ, ಅದು ಕೋಡಿನಲ್ಲೇ ಇದೆ. ನಾನಾದರೆ ಹೀಗೆ ಬರೆಯುತ್ತೇನೆ: "ಫೀಲ್ಡ್ ಎಲ್ಲ ತುಂಬಿದ ಮೇಲೆಯೇ ಈ ಪಾಯಿಂಟರ್ ಹೊರಗೆ ಕಾಣಬೇಕು. ಇದರ ಜೋಡಿ ರಿಸೀವ್ ಫಂಕ್ಷನ್‌ನಲ್ಲಿರುವ ಆರ್‌ಸಿಯು ಡಿರೆಫರೆನ್ಸ್. ಅದು ಪ್ರತಿ ಪ್ಯಾಕೆಟ್‌ಗೂ ಓಡುವುದರಿಂದ ಅಲ್ಲಿ ಲಾಕ್ ಹಿಡಿಯುವುದಿಲ್ಲ. ಇಲ್ಲಿಗೆ ಬರುವವರು ಕಾನ್ಫಿಗ್ ಮ್ಯೂಟೆಕ್ಸ್ ಹಿಡಿದಿರಬೇಕು. ಹಳೆಯದನ್ನು ಗ್ರೇಸ್ ಪೀರಿಯಡ್ ಮುಗಿದ ಮೇಲೆ ಫ್ರೀ ಮಾಡುತ್ತೇವೆ." ಮ್ಯೂಟೆಕ್ಸ್ ಅಂದರೆ ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಲಾಕ್. ಗ್ರೇಸ್ ಪೀರಿಯಡ್ ಅಂದರೆ ಆಗಲೇ ಓದುತ್ತಿದ್ದವರೆಲ್ಲ ಮುಗಿಸುವವರೆಗಿನ ಸಮಯ. ಈ ಕಾಮೆಂಟ್‌ನಲ್ಲಿ ಜೋಡಿ ಎಲ್ಲಿದೆ ಅನ್ನುವ ಮಾತೇ ಮುಖ್ಯ. ಮೆಮೊರಿ ಬ್ಯಾರಿಯರ್ ಒಂಟಿಯಾಗಿ ಕೆಲಸ ಮಾಡುವುದು ತೀರಾ ಅಪರೂಪ. ಕಾಮೆಂಟ್ ಇಲ್ಲದ ಬ್ಯಾರಿಯರ್ ಕಂಡರೆ ಪ್ಯಾಚ್‌ಗಳನ್ನು ಪರೀಕ್ಷಿಸುವ ಕರ್ನಲ್‌ನ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಎಚ್ಚರಿಸುವುದೂ ಇದಕ್ಕೇ.

ಮ್ಯೂಟೆಕ್ಸ್ ಹಿಡಿದಿರಬೇಕು ಅನ್ನುವುದನ್ನು ಸುಮ್ನೆ ಕಾಮೆಂಟ್‌ಗೆ ಬಿಡಬೇಡಿ. ಲಾಕ್‌ಡೆಪ್ ಅಸರ್ಟ್ ಹೆಲ್ಡ್ ಸಾಲನ್ನೂ ಹಾಕಿ. ಲಾಕ್‌ಡೆಪ್ ಅಂದರೆ ಕರ್ನಲ್ ಓಡುವಾಗ ಲಾಕ್ ಬಳಕೆ ಪರೀಕ್ಷಿಸುವ ಟೂಲ್. 2006ರಲ್ಲಿ ಬಂದ ಇದನ್ನು ಆನ್ ಮಾಡಿ ಓಡಿಸಿದರೆ, ಲಾಕ್ ಹಿಡಿಯದೆ ಬಂದವರನ್ನು ಅದು ಅಲ್ಲೇ ತೋರಿಸುತ್ತದೆ. ಆದರೆ ಲಾಕ್ ಯಾಕೆ ಬೇಡ ಅನ್ನೋದನ್ನು ಯಾವ ಟೂಲೂ ನಿಮ್ಮ ಪರವಾಗಿ ಹೇಳುವುದಿಲ್ಲ.

ಇನ್ನು ಪಾಯಿಂಟರ್. ರೆಡ್-ಬ್ಲ್ಯಾಕ್ ಟ್ರೀ ಅಂದರೆ ಸಮತೋಲ ಕಾಯ್ದುಕೊಳ್ಳಲು ಪ್ರತಿ ನೋಡ್‌ಗೂ ಕೆಂಪು ಇಲ್ಲವೇ ಕಪ್ಪು ಬಣ್ಣ ಕೊಡುವ ಟ್ರೀ. ಲಿನಕ್ಸ್‌ನಲ್ಲಿ ಅದರ ನೋಡ್‌ನ ಬಣ್ಣಕ್ಕೆ ಬೇರೆ ಫೀಲ್ಡ್ ಇಲ್ಲ. ಪೇರೆಂಟ್ ಪಾಯಿಂಟರ್‌ನ ಕೊನೆಯ ಬಿಟ್ಟೇ ಬಣ್ಣ. 64 ಬಿಟ್ ಮಷೀನಿನಲ್ಲಿ ನೋಡ್‌ನ ವಿಳಾಸ 8ರಿಂದ ಭಾಗವಾಗುವ ಕಾರಣ ಕೊನೆಯ 3 ಬಿಟ್ ಹೇಗೂ ಸೊನ್ನೆ, ಅದರಲ್ಲೊಂದನ್ನು ಬಳಸಿಕೊಂಡಿದ್ದಾರೆ. ಫೀಲ್ಡ್‌ನ ಹೆಸರಿನಲ್ಲೇ ಪೇರೆಂಟ್, ಕಲರ್ ಎರಡೂ ಇವೆ, ಅದು ನನಗೆ ತುಂಬಾ ಇಷ್ಟ. ಸ್ಟ್ರಕ್ಟ್‌ನ ಕೊನೆಯಲ್ಲಿ ಅಲೈನ್‌ಮೆಂಟ್ ಕೇಳುವ, ಅಂದರೆ ವಿಳಾಸ ಹೀಗೆ ಭಾಗವಾಗುವಂತೆ ಇಡಲು ಹೇಳುವ ಸಾಲೂ ಇದೆ. ಅದು ವ್ಯರ್ಥ ಅನ್ನಿಸಬಹುದು, ಕ್ರಿಸ್ ಪ್ರೊಸೆಸರ್‌ಗೆ ಬೇಕಂತೆ ಅನ್ನುತ್ತದೆ ಕೆಳಗಿನ ಕಾಮೆಂಟ್. ಕ್ರಿಸ್ ಬೆಂಬಲವನ್ನು 2018ರಲ್ಲಿ ಕರ್ನಲ್‌ನಿಂದ ತೆಗೆದರು. ಬಣ್ಣದ ಬಿಟ್ ಈ ಅಲೈನ್‌ಮೆಂಟ್ ನಂಬಿಕೊಂಡಿದೆ ಅಂತ ಅಲ್ಲೇ ಒಂದು ಸಾಲು ಇದ್ದಿದ್ದರೆ, ಇವತ್ತು ಓದುವವರಿಗೆ ಅದು ಬೇಕೋ ಬೇಡವೋ ಅನ್ನುವ ಗೊಂದಲ ಇರುತ್ತಿರಲಿಲ್ಲ.

ಹೆಸರೂ ದಾರಿ ತಪ್ಪಿಸಬಹುದು. ಒಂದೇ ಬಗೆಯ ಆಬ್ಜೆಕ್ಟ್‌ಗಳಿಗೆ ಮೆಮೊರಿ ಕೊಡುವ ಕರ್ನಲ್‌ನ ಸ್ಲ್ಯಾಬ್ ವ್ಯವಸ್ಥೆಯಲ್ಲಿ ಸ್ಲ್ಯಾಬ್ ಡಿಸ್ಟ್ರಾಯ್ ಬೈ ಆರ್‌ಸಿಯು ಅಂತ ಒಂದು ಫ್ಲ್ಯಾಗ್ ಇತ್ತು. ಇದನ್ನು ಹಾಕಿದರೆ ಆಬ್ಜೆಕ್ಟ್ ಫ್ರೀ ಆಗುವುದು ತಡವಾಗುತ್ತದೆ ಅಂತ ಜನ ತಿಳಿದುಬಿಡುತ್ತಿದ್ದರು. ನಿಜಕ್ಕೂ ತಡವಾಗುವುದು ಆಬ್ಜೆಕ್ಟ್‌ಗಳಿರುವ ಪೇಜ್ ಮಾತ್ರ. ಆಬ್ಜೆಕ್ಟ್ ಆ ಕ್ಷಣವೇ ಇನ್ನೊಬ್ಬರ ಕೈ ಸೇರಬಹುದು, ಅದರ ಟೈಪ್ ಮಾತ್ರ ಅದೇ ಇರುತ್ತದೆ. ಕಾಮೆಂಟ್‌ನಲ್ಲಿ ದೊಡ್ಡ ಎಚ್ಚರಿಕೆ ಇದ್ದರೂ ಗೊಂದಲ ಹೋಗಲಿಲ್ಲ. 2017ರಲ್ಲಿ ಹೆಸರನ್ನೇ ಟೈಪ್‌ಸೇಫ್ ಬೈ ಆರ್‌ಸಿಯು ಅಂತ ಬದಲಿಸಿದರು.

ನಿಮ್ಮ ಪ್ಯಾಚ್ ಕಳಿಸುವ ಮೊದಲು ಒಂದು ಕೆಲಸ ಮಾಡಿ. ಕಾಮೆಂಟ್‌ನಲ್ಲಿ ಹೇಳಿದ ಜೋಡಿಯ ಇನ್ನೊಂದು ತುದಿಗೆ ಹೋಗಿ, ಅಲ್ಲೂ ಈ ಕಡೆಯ ಫಂಕ್ಷನ್ ಹೆಸರು ಬರೆದು ಬನ್ನಿ. ಆ ಕಡೆ ತಿದ್ದುವವರು ಈ ಫೈಲನ್ನು ತೆರೆದೇ ಇರುವುದಿಲ್ಲ.