ಮೊಲದ ಮೇವು ಆರಿಸುವಾಗ ಮೊದಲು ನೋಡಬೇಕಾದ್ದು ನಾರು

ಮೊಲದ ಆಹಾರದ ಪಾಠ ಓದುವಾಗ ನಮ್ಮ ಕಣ್ಣು ಮೊದಲು ಹೋಗುವುದು ಪ್ರೋಟೀನ್ ಕಡೆಗೆ. ನಾನು ಈ ಟಿಪ್ಪಣಿಯನ್ನು ಬೇಕೆಂದೇ ನಾರಿನಿಂದ ಶುರು ಮಾಡುತ್ತಿದ್ದೇನೆ. ಮೊಲದ ಕರುಳು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಯಾವ ಮೇವು ಕೊಡಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಮೊಲ ಹಸುವಿನಂತೆ ಮೆಲುಕು ಹಾಕುವುದಿಲ್ಲ. ಅದರಲ್ಲಿ ಮೇವು ಹುದುಗು ಬರುವುದು ಕರುಳಿನ ಹಿಂಭಾಗದಲ್ಲಿರುವ ಸೀಕಮ್ ಎಂಬ ದೊಡ್ಡ ಚೀಲದಲ್ಲಿ. ದೊಡ್ಡ ಕರುಳು ಮೇವನ್ನು ಎರಡು ಪಾಲು ಮಾಡುತ್ತದೆ. ಒರಟು ನಾರು ಬೇಗ ಹೊರಗೆ ಹೋಗುತ್ತದೆ. ನಾವು ದಿನಾ ನೋಡುವ ಗಟ್ಟಿ, ದುಂಡನೆಯ ಹಿಕ್ಕೆ ಇದೇ. ಸಣ್ಣ ಕಣ ಮತ್ತು ದ್ರವ ಹಿಂದಕ್ಕೆ, ಸೀಕಮ್‌ಗೆ ಹೋಗುತ್ತವೆ. ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಮತ್ತು ಬಿ ವಿಟಮಿನ್‌ಗಳನ್ನು ತಯಾರಿಸುತ್ತವೆ. ಅದು ಮೆತ್ತಗಿನ ಹಿಕ್ಕೆಯ ಗೊಂಚಲಾಗಿ ಹೊರಗೆ ಬರುವಾಗಲೇ ಮೊಲ ಬಾಯಿ ಹಾಕಿ ನುಂಗಿಬಿಡುತ್ತದೆ. ಇದು ಕಾಯಿಲೆಯಲ್ಲ, ಕೆಟ್ಟ ಚಾಳಿಯೂ ಅಲ್ಲ. ದಯವಿಟ್ಟು ತಡೆಯಬೇಡಿ.

ಒರಟು ನಾರು ಜೀರ್ಣವೇ ಆಗುವುದಿಲ್ಲ ಅಂದಮೇಲೆ ಅದು ವ್ಯರ್ಥ ಅಲ್ವಾ? ಇಲ್ಲ. ಕರುಳು ನಿಲ್ಲದೆ ಚಲಿಸುತ್ತಿರುವುದೇ ಅದರಿಂದ. ನಾರು ಕಡಿಮೆಯಾಗಿ ಪಿಷ್ಟ ಜಾಸ್ತಿಯಾದರೆ ಕರುಳು ನಿಧಾನವಾಗುತ್ತದೆ, ಸೀಕಮ್‌ನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಇನ್ನು ಹಲ್ಲು. ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತವೆ. ಮುಂದಿನ ಬಾಚಿಹಲ್ಲಂತೂ ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಉದ್ದ ಹುಲ್ಲನ್ನು ಅಡ್ಡಡ್ಡ ಅಗಿದಾಗ ಮಾತ್ರ ದವಡೆ ಹಲ್ಲು ಸರಿಯಾಗಿ ಸವೆಯುತ್ತದೆ. ಪೆಲೆಟ್‌ನಲ್ಲಿ, ಅಂದರೆ ಪುಡಿ ಮಾಡಿ ಒತ್ತಿ ತಯಾರಿಸಿದ ಗುಳಿಗೆ ಮೇವಿನಲ್ಲಿ, ಶೇ. 20 ನಾರು ಇದ್ದರೂ ಅದು ಪುಡಿ ಮಾಡಿದ ನಾರು. ಹಲ್ಲಿಗೆ ಅದರಿಂದ ಹುಲ್ಲಿನ ಲಾಭ ಸಿಗುವುದಿಲ್ಲ. ಪರೀಕ್ಷೆಗೆ ಓದುವವರು ಈ ವ್ಯತ್ಯಾಸವನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ.

ಈಗ ಒಣಹುಲ್ಲಿನ ಆಯ್ಕೆ. ಪೈರಿನ ಕಾಳು ತೆಗೆದ ಮೇಲೆ ಉಳಿಯುವ ಹುಲ್ಲು ಬೇರೆ, ಹಸಿರಿರುವಾಗಲೇ ಕೊಯ್ದು ಒಣಗಿಸಿದ ಮೇವಿನ ಹುಲ್ಲು ಬೇರೆ. ಮೊದಲನೆಯದರಲ್ಲಿ ಸತ್ವ ತೀರಾ ಕಡಿಮೆ, ಹಾಸಲು ಸಾಕು. ಎರಡನೆಯದೇ ಮೊಲದ ಮುಖ್ಯ ಊಟ. ಟಿಮೊಥಿ, ಆರ್ಚರ್ಡ್ ಹುಲ್ಲು, ಗರಿಕೆ, ಕಾಳು ಬಲಿಯುವ ಮೊದಲೇ ಕೊಯ್ದ ಓಟ್ಸ್ ಹುಲ್ಲು ಎಲ್ಲವೂ ನಡೆಯುತ್ತವೆ. ಒಂದೇ ಜಾತಿಗೆ ಅಂಟಿಕೊಳ್ಳಬೇಕಿಲ್ಲ, ಎರಡು ಮೂರು ಬೆರೆಸಿದರೆ ಇನ್ನೂ ಒಳ್ಳೆಯದು. ಮೊದಲ ಕೊಯ್ಲಿನಲ್ಲಿ ಕಡ್ಡಿ ಜಾಸ್ತಿ, ನಾರೂ ಜಾಸ್ತಿ. ಆಮೇಲಿನ ಕೊಯ್ಲುಗಳಲ್ಲಿ ಎಲೆ ಹೆಚ್ಚು, ಮೆದು. ಹುಲ್ಲು ಮುಟ್ಟದ ಮೊಲಕ್ಕೆ ಎಲೆ ಹೆಚ್ಚಿರುವುದರಿಂದ ರುಚಿ ಹತ್ತಿಸಿ, ನಿಧಾನವಾಗಿ ಕಡ್ಡಿಯ ಹುಲ್ಲು ಸೇರಿಸಬಹುದು.

ಕುದುರೆ ಮಸಾಲೆ, ಅಂದರೆ ಅಲ್ಫಾಲ್ಫಾ, ಹುಲ್ಲಿನ ಜಾತಿಯೇ ಅಲ್ಲ. ಅದು ದ್ವಿದಳ ಗಿಡ. ಟಿಮೊಥಿಯಲ್ಲಿ ಪ್ರೋಟೀನ್ ಸುಮಾರು ಶೇ. 8ರಿಂದ 10 ಇದ್ದರೆ ಇದರಲ್ಲಿ ಶೇ. 15ರಿಂದ 20. ಕ್ಯಾಲ್ಸಿಯಂ ಎರಡು ಮೂರು ಪಟ್ಟು. ಬೇರೆ ಹೆಚ್ಚಿನ ಪ್ರಾಣಿಗಳು ತಮಗೆ ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ. ಮೊಲ ಮೇವಿನಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹಾಗಾಗಿ ದೊಡ್ಡ ಮೊಲಕ್ಕೆ ದಿನಾ ಇದನ್ನೇ ಕೊಟ್ಟರೆ ಮೂತ್ರ ಕೆಸರಿನಂತೆ ಗಟ್ಟಿಯಾಗಬಹುದು, ಕಲ್ಲೂ ಆಗಬಹುದು. ಬೆಳೆಯುವ ಮರಿಗೆ, ಗಬ್ಬದ ಮತ್ತು ಹಾಲೂಡುವ ತಾಯಿಗೆ ಮಾತ್ರ ಇದು ಒಳ್ಳೆಯ ಮೇವು.

ಯಾವ ಹುಲ್ಲೇ ಆಗಲಿ, ಮೂಗಿನ ಹತ್ತಿರ ಹಿಡಿದು ನೋಡಿ. ಹಿತವಾದ ಹುಲ್ಲಿನ ವಾಸನೆ ಬರಬೇಕು. ಮುಗ್ಗಲು ವಾಸನೆ, ಬೂಷ್ಟು, ಕೊಡವಿದಾಗ ಏಳುವ ಬಿಳಿ ಧೂಳು, ಇವುಗಳಲ್ಲಿ ಒಂದಿದ್ದರೂ ಬೇಡ. ಆರಿಸಿ ತೆಗೆದು ಕೊಡುತ್ತೇನೆ ಅನ್ನುವುದೂ ಬೇಡ. ಹುಲ್ಲಿನ ತೇವ ಶೇ. 15ರ ಒಳಗಿದ್ದರೆ ಕೆಡದೆ ಉಳಿಯುತ್ತದೆ. ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಡೆ ಇಡಿ.

ಪೆಲೆಟ್ ಚೀಲದ ಅಂಕಿಗಳನ್ನು ಹೋಲಿಸುವಾಗ ನೀರಿನ ಅಂಶ ಕಳೆಯಲು ಮರೆಯಬೇಡಿ. ಹಸಿ ಹುಲ್ಲಿನಲ್ಲಿ ನೀರು ಶೇ. 80, ಪ್ರೋಟೀನ್ ಶೇ. 3 ಅಂದುಕೊಳ್ಳಿ. ಒಣ ಲೆಕ್ಕದಲ್ಲಿ 3 ಭಾಗಿಸು 0.20, ಅಂದರೆ ಶೇ. 15. ಒಣಹುಲ್ಲಿನಲ್ಲಿ ನೀರು ಶೇ. 10, ಪ್ರೋಟೀನ್ ಶೇ. 9 ಇದ್ದರೆ ಒಣ ಲೆಕ್ಕದಲ್ಲಿ ಶೇ. 10. ಮೇಲ್ನೋಟಕ್ಕೆ ಬಡವಾಗಿ ಕಂಡ ಹಸಿ ಹುಲ್ಲೇ ಇಲ್ಲಿ ಮುಂದೆ.

ಮನೆಯ ಮೊಲಕ್ಕೂ ಫಾರ್ಮಿನ ಮೊಲಕ್ಕೂ ಒಂದೇ ಪೆಲೆಟ್ ಸರಿಹೋಗದಿರಲು ಕಾರಣವಿದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1977ರಲ್ಲಿ ಕೊಟ್ಟ ಪಟ್ಟಿಯಲ್ಲಿ ಗಬ್ಬವಿಲ್ಲದ, ಹಾಲೂಡದ ದೊಡ್ಡ ಮೊಲಕ್ಕೆ ಪ್ರೋಟೀನ್ ಶೇ. 12, ಬೆಳೆಯುವ ಮರಿಗೆ 16, ಹಾಲೂಡುವ ತಾಯಿಗೆ 17. ಅದೇ ಪಟ್ಟಿಯಲ್ಲಿ ಬೆಳೆಯುವ ಮರಿಗೆ ಕಚ್ಚಾ ನಾರು ಶೇ. 10ರಿಂದ 12 ಅಷ್ಟೇ. ಅದು ಬೇಗ ತೂಕ ಬರಿಸುವ ಲೆಕ್ಕ. ವರ್ಷಗಟ್ಟಲೆ ಬದುಕಬೇಕಾದ ಮನೆಯ ಮೊಲಕ್ಕೆ ಶೇ. 18ಕ್ಕಿಂತ ಹೆಚ್ಚು ನಾರಿನ ಪೆಲೆಟ್ ಹುಡುಕಿ. ಅದನ್ನೂ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 25 ಗ್ರಾಂ ಮೀರಿಸಬೇಡಿ. ಹುಲ್ಲಿಗೆ ಮಾತ್ರ ಮಿತಿ ಬೇಡ. ಫಾರ್ಮಿನಲ್ಲಿ ಹಾಲೂಡುವ ತಾಯಿಗೆ ಪೆಲೆಟ್ ಮಿತಿ ಹಾಕುವುದಿಲ್ಲ, ಆದರೆ ಅಲ್ಲೂ ಗೂಡಿನಲ್ಲಿ ಹುಲ್ಲು ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಳು, ಬಣ್ಣದ ಚೂರು ಬೆರೆಸಿದ ಮಿಶ್ರಣವನ್ನು ಕೈಬಿಡಿ. ಮೊಲ ಪಿಷ್ಟದ ಚೂರುಗಳನ್ನೇ ಆರಿಸಿ ತಿಂದು, ನಾರಿನದ್ದನ್ನು ಬಿಡುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಅಧ್ಯಯನದಲ್ಲೂ ಇಂಥ ಮಿಶ್ರಣ ತಿಂದ ಮೊಲಗಳು ಹುಲ್ಲು ಕಡಿಮೆ ತಿಂದದ್ದು ಕಂಡುಬಂತು. ಫಾರ್ಮಿನವರಿಗೆ ಇನ್ನೊಂದು ಮಾತು: ಕೋಳಿ ಆಹಾರ ಉಳಿದಿದೆ ಅಂತ ಮೊಲಕ್ಕೆ ಹಾಕಬೇಡಿ. ಅದರಲ್ಲಿ ಸಲಿನೊಮೈಸಿನ್, ನರಾಸಿನ್‌ನಂಥ ಔಷಧ ಬೆರೆತಿರಬಹುದು. ಇವು ಮೊಲಕ್ಕೆ ವಿಷ.

ಹೊಸ ಮೇವಿಗೆ ಬದಲಾಯಿಸಲು 7ರಿಂದ 10 ದಿನ ತೆಗೆದುಕೊಳ್ಳಿ. ಹಳೆಯದರ ಜೊತೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತಾ ಹೋಗಿ. ಹಾಲು ಬಿಡುವ ಮರಿಗಳಲ್ಲಿ ಆತುರ ಸಲ್ಲದು, ಭೇದಿಗೆ ಅವು ಬೇಗ ಬಲಿಯಾಗುತ್ತವೆ. ನೀರು ಸದಾ ಇರಲಿ, ತಿಂದ ಒಣ ಮೇವಿನ ತೂಕದ ಸುಮಾರು ಎರಡರಷ್ಟು ಮೊಲ ಕುಡಿಯುತ್ತದೆ. ಹಿಕ್ಕೆಯನ್ನು ದಿನಾ ಗಮನಿಸಿ. ದಪ್ಪಗೆ, ದುಂಡಗೆ, ಒಳಗೆ ಹುಲ್ಲಿನ ಎಳೆ ಕಾಣುವಂತಿದ್ದರೆ ಮೇವು ಒಗ್ಗಿದೆ. ಚಿಕ್ಕದಾಗುತ್ತಾ ಬಂದರೆ ಮೊದಲು ಪೆಲೆಟ್ ಕಡಿಮೆ ಮಾಡಿ, ಹುಲ್ಲು ತಿನ್ನುತ್ತಿದೆಯಾ ನೋಡಿ. ಹಿಕ್ಕೆ ನಿಂತುಹೋದರೆ, ಅಥವಾ ಅರ್ಧ ದಿನ ಏನೂ ತಿನ್ನದೆ ಮುದುಡಿ ಕೂತರೆ, ಮನೆಮದ್ದು ಮಾಡುತ್ತಾ ಕಾಯದೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.